ಏನೂ ಆಗಲ್ಲ

ಆ ಮನೆಯಲ್ಲಿ ಎರಡು ಮಾತು ದಿನಕ್ಕೆ ನೂರು ಸಲ ಕೇಳಿಸುತ್ತಿದ್ದವು. ಒಂದು, ಏಳು ವರ್ಷದ ಹುಡುಗಿಯ "ಅಮ್ಮ, ಗುಂಡನ್ನ ನೋಡು." ಇನ್ನೊಂದು, ತಲೆ ಎತ್ತದೆ ತಾಯಿ ಕೊಡುತ್ತಿದ್ದ ಉತ್ತರ, "ಏನೂ ಆಗಲ್ಲ." ಗುಂಡ ಮಣ್ಣು ತಿಂತಿದಾನೆ. ಏನೂ ಆಗಲ್ಲ. ಗುಂಡ ಬಕೆಟ್ ಬೋರಲು ಹಾಕಿ ಮೇಲೆ ಹತ್ತಿದಾನೆ. ಏನೂ ಆಗಲ್ಲ, ಇಳೀತಾನೆ ಬಿಡು. ಮೂರು ವರ್ಷದ ಗುಂಡ ನಿಜವಾಗಿಯೂ ಇಳಿಯುತ್ತಿದ್ದ, ಮಣ್ಣು ಉಗುಳುತ್ತಿದ್ದ, ಬಿದ್ದರೂ ಎದ್ದು ಮೊಣಕಾಲು ಒರೆಸಿಕೊಂಡು ನಗುತ್ತಿದ್ದ. ತಾಯಿಯ ಮಾತು ಒಂದು ದಿನವೂ ಸುಳ್ಳಾಗಿರಲಿಲ್ಲ. ಸುಳ್ಳಾಗದ ಮಾತು ನಾಲಿಗೆಗೆ ಅಂಟಿಕೊಂಡುಬಿಡುತ್ತದೆ, ಬಂದ ಕಷ್ಟವೇ ಅದು.

ಹುಡುಗಿಗೆ ಅಜ್ಜಿ ಇಟ್ಟ ಹೆಸರು ರೇಡಿಯೋ. ಹಾಲು ಉಕ್ಕಿದ್ದು, ನಲ್ಲಿ ಸೋರಿದ್ದು, ಪಕ್ಕದ ಮನೆಯ ಬೆಕ್ಕು ಹುರುಳಿಕಾಯಿ ಮಡಿಯಲ್ಲಿ ಮಲಗಿದ್ದು, ಎಲ್ಲ ಸುದ್ದಿಯೂ ಮೊದಲು ಅವಳ ಬಾಯಿಂದಲೇ ಬರಬೇಕು. "ಚಾಡಿ ಹೇಳಬೇಡ ಕಣೇ" ಎಂದು ಬೈದರೆ, "ಚಾಡಿ ಅಲ್ಲ ಅಮ್ಮ, ಸುಮ್ನೆ ಹೇಳ್ದೆ" ಎನ್ನುತ್ತಿದ್ದಳು. ತಂದೆ ನಲ್ಲಿ ರಿಪೇರಿ ಕೆಲಸ ಮುಗಿಸಿ ಸಾಯಂಕಾಲ ಬಂದು ಕೈಕಾಲು ತೊಳೆಯುವಾಗ ಪಕ್ಕದಲ್ಲೇ ನಿಂತು ಇಡೀ ದಿನದ ವರದಿ ಒಪ್ಪಿಸುತ್ತಿದ್ದಳು. ಅವನು ಗಂಭೀರವಾಗಿ ಕೇಳಿ, "ವಾರ್ತೆಗಳು ಮುಗಿದವಾ?" ಎನ್ನುತ್ತಿದ್ದ.

ತಾಯಿಯನ್ನು ಬೀದಿಯವರು ಕರೆಯುವುದು ಮಣಿಯಮ್ಮ ಎಂದು. ಹಿಂದಿನ ಕೋಣೆಯ ಕಿಟಕಿಯ ಕೆಳಗೆ ಒಂದು ಮೇಜು, ಮೇಜಿಗೆ ಬಿಗಿದ ಇಕ್ಕಳ, ಹೆಬ್ಬೆರಳು ಗಾತ್ರದ ಕರೆಂಟಿನ ಡ್ರಿಲ್ಲು. ಮರದ ಚೂರು, ಒಣಗಿದ ಬೀಜ, ಸುಟ್ಟ ಮಣ್ಣಿನ ಗುಂಡು, ಏನು ಸಿಕ್ಕರೂ ಅವಳು ತೂತು ಹಾಕಿ ಮಣಿ ಮಾಡಿ ಸರಕ್ಕೋ ಕೈಬಳೆಗೋ ಪೋಣಿಸುತ್ತಿದ್ದಳು. ಕೈ ಚುರುಕು, ಕಣ್ಣು ಚುರುಕು. ಕಿವಿಯ ವಿಷಯ ಮಾತ್ರ ಹೇಳುವ ಹಾಗಿಲ್ಲ, ಡ್ರಿಲ್ಲು ತಿರುಗಲು ಶುರುವಾದರೆ ಮನೆಗೆ ಬೆಂಕಿ ಬಿದ್ದರೂ ಅವಳಿಗೆ ಕೇಳಿಸುತ್ತಿರಲಿಲ್ಲ.

ಕಿಟಕಿಯ ಆಚೆ ಅತ್ತೆಯ ರಾಜ್ಯ. ನಾಲ್ಕು ಹೆಜ್ಜೆ ಅಗಲದ ಹಿತ್ತಿಲು. ಒಡೆದ ಬಕೆಟ್ಟು, ಪೇಂಟಿನ ಡಬ್ಬ, ತೂತು ಬಿದ್ದ ಪಾತ್ರೆ, ಎಲ್ಲದರಲ್ಲೂ ಗಿಡ. ಬದನೆ, ಟೊಮೆಟೊ, ಪುದೀನ, ಮೂಲೆಯಲ್ಲಿ ಒಂದು ಹುರುಳಿಕಾಯಿ ಮಡಿ. ಮಕ್ಕಳಿಬ್ಬರಿಗೂ ಒಂದೊಂದು ಚೊಂಬು ಕೊಟ್ಟು ನೀರು ಹಾಕಿಸುತ್ತಿದ್ದಳು. ಗುಂಡ ಅರ್ಧ ನೀರನ್ನು ಗಿಡಕ್ಕೂ ಅರ್ಧವನ್ನು ತನ್ನ ಹೊಟ್ಟೆಯ ಮೇಲೂ ಸುರಿದುಕೊಳ್ಳುತ್ತಿದ್ದ. ಆ ಹಿತ್ತಿಲಲ್ಲಿ ಯಾರೂ ನೆಡದೆ ಬೆಳೆದದ್ದು ಒಂದೇ ಒಂದು, ಬೇಲಿಯ ತಂತಿಗೆ ಹಬ್ಬಿದ ಗುಲಗಂಜಿ ಬಳ್ಳಿ. ಹುಣಸೆಯ ಎಲೆಯಂಥ ಎಲೆ, ಒಣಗಿ ಬಾಯಿ ಬಿಟ್ಟ ಕಾಯಿ, ಕಾಯಿಯೊಳಗೆ ಸಾಲಾಗಿ ಕೂತ ಕೆಂಪು ಬೀಜ, ಬೀಜದ ತುದಿಗೆ ಕಪ್ಪು ಬೊಟ್ಟು.

"ಕಿತ್ತು ಬಿಸಾಕ್ತೀನಿ ಇದನ್ನ. ಬೇಲೀನೇ ತಿಂದು ಹಾಕ್ತಿದೆ" ಎಂದು ಅತ್ತೆ ತಿಂಗಳಿಗೊಮ್ಮೆ ಕುಡುಗೋಲು ಹಿಡಿದು ಹೊರಡುವಳು.

"ಇರಲಿ ಬಿಡಿ ಅತ್ತೆ, ಪೇಟೇಲಿ ಹುಡುಕಿದ್ರೂ ಇಂಥ ಕೆಂಪು ಮಣಿ ಸಿಗಲ್ಲ" ಎಂದು ಸೊಸೆ ತಡೆಯುವಳು.

"ಮಕ್ಕಳಿರೋ ಮನೆ ಕಣೇ."

"ಏನೂ ಆಗಲ್ಲ. ನಿಮ್ಮ ರೇಡಿಯೋನೇ ನುಂಗಿ ಅರಗಿಸಿಕೊಂಡಿಲ್ವಾ?"

ಅದು ನಿಜ. ಹುಡುಗಿಗೆ ಎರಡು ವರ್ಷವಿದ್ದಾಗ ಬಳ್ಳಿಯಿಂದ ಎರಡು ಬೀಜ ಕಿತ್ತು ನುಂಗಿದ್ದಳು. ಆಗ ತಾಯಿ ಚಪ್ಪಲಿಯನ್ನೂ ಮೆಟ್ಟದೆ ಡಾಕ್ಟರ ಹತ್ತಿರ ಓಡಿದ್ದಳು. ಸಿಪ್ಪೆ ಗಟ್ಟಿ, ಹಾಗೇ ಹೊರಗೆ ಹೋಗತ್ತೆ, ಕಾದು ನೋಡಿ ಎಂದಿದ್ದರು ಡಾಕ್ಟರು. ಮರುದಿನ ಎರಡೂ ಬೀಜ ಹೊಳೆಯುತ್ತಾ ಹೊರಗೆ ಬಂದವು. ಅಂದಿನಿಂದ ಗುಲಗಂಜಿ ನುಂಗಿದರೆ ಏನೂ ಆಗಲ್ಲ ಎನ್ನುವುದು ಆ ಮನೆಯ ಕಾನೂನು. ಇತ್ತ ತಾಯಿಗೆ ಮಣಿ ಕೆಲಸ ಕಲಿಸಿದ ಟೀಚರು ಹೇಳಿದ್ದು ಇನ್ನೊಂದು ಮಾತು. ಗುಲಗಂಜಿಗೆ ತೂತು ಹಾಕುವಾಗ ಮೂಗಿಗೆ ಬಟ್ಟೆ ಕಟ್ಟಿಕೋ, ಪುಡಿ ಒಳ್ಳೆಯದಲ್ಲ, ಕೈ ತೊಳೆಯದೆ ಊಟಕ್ಕೆ ಕೂರಬೇಡ. ಅದನ್ನೂ ಅವಳು ಚಾಚೂ ತಪ್ಪದೆ ಪಾಲಿಸುತ್ತಿದ್ದಳು. ಎರಡೂ ಮಾತು ಒಂದೇ ತಲೆಯಲ್ಲಿ ವರ್ಷಗಟ್ಟಲೆ ಇದ್ದವು, ಒಂದರ ಮುಖ ಇನ್ನೊಂದು ನೋಡಲಿಲ್ಲ. ಅವಳನ್ನು ದಡ್ಡಿ ಅನ್ನುವವರು ತಮ್ಮ ತಲೆಯನ್ನು ಒಮ್ಮೆ ತಡಕಿ ನೋಡಿಕೊಳ್ಳಲಿ.

ಆವತ್ತು ಶಾಲೆಗೆ ರಜೆ. ಅತ್ತೆ ತಂಗಿಯ ಮನೆಗೆ ಹೋಗಿದ್ದಳು, ಗಂಡ ಕೆಲಸಕ್ಕೆ. ಅಂಗಡಿಯಾಕೆಗೆ ಸಾಯಂಕಾಲ ಐದು ಗಂಟೆಯೊಳಗೆ ಮೂವತ್ತು ಕೈಬಳೆ ಮುಟ್ಟಿಸಬೇಕಿತ್ತು. ತೂತು ಹಾಕದ ಬೀಜ ಎಡಗಡೆ ಡಬ್ಬದಲ್ಲಿ, ತೂತು ಹಾಕಿದ್ದು ಕೆಳಗೆ ಚಾಪೆಯ ಮೇಲಿನ ಬಟ್ಟಲಿನಲ್ಲಿ. ಚಾಪೆಯಲ್ಲಿ ಕೂತು ಪೋಣಿಸುವುದು ಹುಡುಗಿಯ ಕೆಲಸ. ದೊಡ್ಡ ಜವಾಬ್ದಾರಿ ಸಿಕ್ಕ ಠೀವಿಯಲ್ಲಿ ಅವಳು ನಾಲಿಗೆಯನ್ನು ತುಟಿಯ ಮೂಲೆಗೆ ಒತ್ತಿ ಪೋಣಿಸುತ್ತಿದ್ದಳು. ಗುಂಡ ಮೇಜಿನ ಕೆಳಗೆ.

ಮೊನೆ ಬದಲಿಸಲು ಡ್ರಿಲ್ಲು ನಿಲ್ಲಿಸಿದಾಗ ಹುಡುಗಿ ಹೇಳಿದಳು, "ಅಮ್ಮ, ಗುಂಡ ಮಣಿ ನುಂಗ್ಬಿಟ್ಟ."

ಗಂಟೆ ಆಗ ಹತ್ತು. ತಾಯಿ ಬಗ್ಗಿ ಅವನ ಬಾಯಿ ಬಿಡಿಸಿ ನೋಡಿದಳು. ಬಾಯಿ ಖಾಲಿ, ಅವಳ ಬೆರಳು ಕಚ್ಚುವ ಹಾಗೆ ನಾಟಕ ಮಾಡಿ ಅವನು ಕಿಲಕಿಲ ನಕ್ಕ.

"ಎಷ್ಟು ನುಂಗ್ದ?"

"ಐದೋ ಆರೋ."

"ಏನೂ ಆಗಲ್ಲ. ನೀನೂ ನುಂಗಿದ್ದೆ ಮಹಾರಾಯ್ತಿ. ನಾಳೆ ಬೆಳಿಗ್ಗೆ ಎಲ್ಲಾ ಹೊರಗೆ ಬರುತ್ತೆ, ತೊಳ್ಕೊಂಡು ಮತ್ತೆ ಪೋಣಿಸೋಣ."

ಹುಡುಗಿ ಮೂಗು ಹಿಡಿದುಕೊಂಡು ನಕ್ಕಳು. ತಾಯಿಯ ಮನಸ್ಸಿನಲ್ಲಿ ಗುಲಗಂಜಿಯಷ್ಟೂ ಅನುಮಾನ ಸುಳಿಯಲಿಲ್ಲ. ಗುಂಡನನ್ನು ಎತ್ತಿ ಬಾಗಿಲ ಬಳಿ ಕೂರಿಸಿ, ಕೈಗೊಂದು ಸೌಟು ಕೊಟ್ಟು, ಮೂಗಿಗೆ ಬಟ್ಟೆ ಬಿಗಿದು ಮತ್ತೆ ಡ್ರಿಲ್ಲು ಶುರು ಮಾಡಿದಳು. ಹುಡುಗಿ ಇನ್ನೂ ಏನೋ ಹೇಳುತ್ತಿದ್ದಳು. ತಾಯಿ "ಹ್ಞೂಂ" ಎಂದಳು. ಕೆಲಸದ ಹೊತ್ತಿನಲ್ಲಿ ಮಕ್ಕಳು ಸಾವಿರ ಹೇಳುತ್ತವೆ, ತಾಯಂದಿರು ಸಾವಿರ ಸಲ ಹ್ಞೂಂ ಅನ್ನುತ್ತಾರೆ.

ಮಧ್ಯಾಹ್ನ ಗುಂಡ ಸರಿಯಾಗಿ ಊಟ ಮಾಡಲಿಲ್ಲ. ಮೂವತ್ತು ಬಳೆ ಐದಕ್ಕೆ ಹತ್ತು ನಿಮಿಷ ಇರುವಾಗಲೇ ಅಂಗಡಿ ಮುಟ್ಟಿದವು. ತಾಯಿ ವಾಪಸು ಬರುವ ಹೊತ್ತಿಗೆ ಗುಂಡ ವಾಂತಿ ಮಾಡುತ್ತಿದ್ದ. ಹುಡುಗಿ ಅವನ ತಲೆ ಹಿಡಿದುಕೊಂಡಿದ್ದಳು. ನಾಲ್ಕನೆಯ ಸಲದ ವಾಂತಿಯಲ್ಲಿ ರಕ್ತ ಕಂಡಿತು. ಆಗಷ್ಟೇ ಮನೆಗೆ ಬಂದ ಅತ್ತೆ ಚೀಲವನ್ನು ಹೊಸ್ತಿಲಲ್ಲೇ ಬಿಟ್ಟಳು. ಗಂಡನಿಗೆ ಫೋನು ಹೋಯಿತು. ಅವನು ಒದ್ದೆ ಬಟ್ಟೆಯಲ್ಲೇ ಆಟೋ ತಂದ.

ಆಸ್ಪತ್ರೆಯ ಡಾಕ್ಟರು ಸಣ್ಣ ವಯಸ್ಸಿನ ಹೆಂಗಸು. ಗುಲಗಂಜಿ ನುಂಗಿದಾನೆ ಎಂದು ತಾಯಿ ಹೇಳಿದ ಕೂಡಲೇ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು ಕೇಳಿದರು, "ಇಡೀ ಬೀಜಾನಾ, ತೂತು ಹಾಕಿದ್ದಾ?"

ತಾಯಿ ತನ್ನ ಕೈ ನೋಡಿಕೊಂಡಳು. ಉಗುರಿನ ಸಂದಿಯಲ್ಲಿ ಇನ್ನೂ ಪುಡಿಯಿತ್ತು. ಮೇಜಿನ ಮೇಲಿನ ಡಬ್ಬ ಗುಂಡನಿಗೆ ಎಟುಕುವುದಿಲ್ಲ. ಚಾಪೆಯ ಮೇಲಿನ ಬಟ್ಟಲು ಎಟುಕುತ್ತದೆ. ವರ್ಷಗಟ್ಟಲೆ ಮುಖ ನೋಡದೆ ಇದ್ದ ಎರಡು ಮಾತು ಆಗ ಎದುರುಬದುರಾದವು.

"ತೂತು ಹಾಕಿದ್ದು" ಎಂದಳು.

"ಇಡೀ ಬೀಜ ಆದ್ರೆ ಬೀಗ ಹಾಕಿದ ಹಾಗೆ, ವಿಷ ಒಳಗೇ ಇರುತ್ತೆ. ತೂತು ಹಾಕಿದ್ರೆ ಬೀಗ ತೆಗೆದ ಹಾಗೆ. ಬೆಳಿಗ್ಗೇನೇ ತಂದಿದ್ರೆ ಹೊಟ್ಟೆ ತೊಳೆದು, ಔಷಧಿ ಕುಡಿಸಿ, ಏನಾದ್ರೂ ಮಾಡಬಹುದಿತ್ತು. ನಿಮಗೆ ಯಾವಾಗ ಗೊತ್ತಾಯ್ತು?"

ಗಂಡ ಹೆಂಡತಿಯ ಮುಖ ನೋಡಿದ. ಅತ್ತೆ ನೋಡಿದಳು. ತಾಯಿಯೇನೂ ಲೆಕ್ಕ ಹಾಕಿ ಹೇಳಲಿಲ್ಲ. ಬಿಸಿ ಪಾತ್ರೆ ಮುಟ್ಟಿದ ಕೈ ಹಿಂದಕ್ಕೆ ಬರುವ ಹಾಗೆ ಮಾತು ತಾನಾಗಿ ಬಂತು.

"ಈಗ ಸಾಯಂಕಾಲ. ಇವಳು ಈಗ ಹೇಳಿದ್ಲು."

ಇವಳು ಗೋಡೆಗೆ ಒರಗಿ, ಗುಂಡನ ಚಪ್ಪಲಿ ಎರಡನ್ನೂ ಎದೆಗೆ ಒತ್ತಿಕೊಂಡು ನಿಂತಿದ್ದಳು. ತಲೆ ಎತ್ತಿ ತಾಯಿಯನ್ನು ನೋಡಿದಳು.

"ರೇಡಿಯೋ ಅಂತ ಹೆಸರು" ಎಂದಳು ಅಜ್ಜಿ, ಅಳುತ್ತಾ. "ಊರ ಸುದ್ದಿಯೆಲ್ಲಾ ಹೇಳ್ತೀಯ. ಹೇಳಬೇಕಾದ್ದು ಹೇಳಲಿಲ್ವಲ್ಲೇ."

ಮೂರನೆಯ ದಿನ ಮಧ್ಯಾಹ್ನ ಗುಂಡ ತೀರಿಕೊಂಡ.

ಅದನ್ನು ಹಿಗ್ಗಿಸಿ ಹೇಳುವುದಕ್ಕೆ ಏನಿದೆ? ಹಾಸಿಗೆಗಿಂತ ಬಹಳ ಚಿಕ್ಕದಾಗಿದ್ದ ಅವನು. ಅಷ್ಟೇ.

ಗಂಡ ಅಂಗಡಿಗೆ ಹೋಗಿ, ಮಾರಾಟವಾಗಿದ್ದ ಎರಡನ್ನೂ ಮನೆ ಹುಡುಕಿಸಿ, ಮೂವತ್ತು ಬಳೆಯನ್ನೂ ವಾಪಸು ತಂದು ಸುಟ್ಟ. ಡ್ರಿಲ್ಲು ಗೋಣಿಚೀಲ ಸೇರಿತು. ಅತ್ತೆ ಬಳ್ಳಿಯನ್ನು ಬರಿಗೈಯಲ್ಲಿ ಎಳೆದೆಳೆದು ಕಿತ್ತಳು. ಬೇಲಿಯ ಒಂದು ಮಗ್ಗುಲು ಬಳ್ಳಿಯ ಜೊತೆಗೇ ಉರುಳಿತು. ಅದನ್ನು ಎತ್ತಿ ನಿಲ್ಲಿಸಲು ಯಾರಿಗೂ ಮನಸ್ಸಾಗಲಿಲ್ಲ. ಟೊಮೆಟೊ ಹಣ್ಣಾಗಿ ಗಿಡದಲ್ಲೇ ಕೊಳೆತವು.

ಒಂದು ಸಂಜೆ ತಂದೆ ಕೈಕಾಲು ತೊಳೆಯುವಾಗ ಹುಡುಗಿ ಟವೆಲು ಹಿಡಿದು ನಿಂತಿದ್ದಳು, ಸುಮ್ಮನೆ. ಅವನು ಬೈಯಲಿಲ್ಲ. ಮೆಲ್ಲಗೆ ಕೇಳಿದ, "ಯಾಕೆ ಪುಟ್ಟಿ, ಆವತ್ತು ಬೆಳಿಗ್ಗೇನೇ ಯಾಕೆ ಅಮ್ಮಂಗೆ ಹೇಳಲಿಲ್ಲ?"

ತಾಯಿ ಒಲೆಯ ಮುಂದೆ ಬೆನ್ನು ಹಾಕಿ ನಿಂತಿದ್ದಳು. ಸೌಟು ಪಾತ್ರೆಯೊಳಗೆ ನಿಂತಿತು.

"ಮರ್ತು ಹೋಯ್ತು ಅಪ್ಪ" ಎಂದಳು ಹುಡುಗಿ.

ಈಗ ಹೇಳಬೇಕು, ಈಗಲೇ ತಿರುಗಿ ಹೇಳಬೇಕು ಎಂದುಕೊಂಡಳು ತಾಯಿ. ಹೇಳಿದರೆ ಗಂಡ ತನ್ನ ಮುಖ ನೋಡುವುದಿಲ್ಲ, ಅತ್ತೆ ತನ್ನ ಕೈಯಿಂದ ನೀರು ಕುಡಿಯುವುದಿಲ್ಲ. ಹೇಳದಿದ್ದರೆ ಈ ಕೂಸು ಆಯುಷ್ಯಪೂರ್ತಿ ತಮ್ಮನನ್ನು ಕೊಂದವಳು. ಎರಡನ್ನೂ ಬಲ್ಲಳು. ಬಲ್ಲವಳು ಸೌಟು ಆಡಿಸಿದಳು. ನಾಳೆ ಹೇಳಿದರಾಯಿತು ಎಂದುಕೊಂಡಳು. ನಾಳೆಯೂ ಹಾಗೇ ಎಂದುಕೊಂಡಳು. ಇಂಥವಳ ಮೇಲೆ ಸಿಟ್ಟು ಬರುತ್ತದೆ, ಬರಲಿ. ಅವಳಿಗೂ ಬರುತ್ತಿತ್ತು.

ರೇಡಿಯೋ ನಿಂತೇ ಹೋಯಿತು. ಹಾಲು ಉಕ್ಕಿದರೆ ಹುಡುಗಿ ತಾನೇ ಎದ್ದು ಬಟ್ಟೆ ತಂದು ಒರೆಸುತ್ತಿದ್ದಳು. ಬೆಕ್ಕು ಹುರುಳಿಕಾಯಿ ಮಡಿಯಲ್ಲಿ ಮಲಗಿದರೆ ನೋಡುತ್ತಾ ಕೂರುತ್ತಿದ್ದಳು. ಯಾರಿಗೂ ಏನನ್ನೂ ಹೇಳುತ್ತಿರಲಿಲ್ಲ.

ತಿಂಗಳಾಗುತ್ತಾ ಬಂದಿತ್ತು. ಒಂದು ಭಾನುವಾರ ಬೆಳಿಗ್ಗೆ ತಾಯಿ ನೆಲ ಒರೆಸುತ್ತಿದ್ದಳು. ಹುಡುಗಿ ಒದ್ದೆ ನೆಲದ ಮೇಲೆ ಹಿಮ್ಮಡಿ ಊರದೆ ಕುಂಟಿಕೊಂಡು ದಾಟಿದಳು. ಹಿಡಿದು ಕೂರಿಸಿ ಪಾದ ತಿರುಗಿಸಿ ನೋಡಿದರೆ ಅಂಗಾಲು ಊದಿ ಕೆಂಪಗಾಗಿತ್ತು, ನಡುವೆ ಕಪ್ಪು ಚುಕ್ಕೆ, ಸುತ್ತ ಕೀವು. ಮೈ ಸುಡುತ್ತಿತ್ತು.

"ಏನಿದು? ಯಾವಾಗ ಚುಚ್ಚಿದ್ದು?"

"ಗುರುವಾರ. ಬೇಲಿ ಮೊಳೆ."

"ಮೂರು ದಿನ ಆಯ್ತಲ್ಲೇ. ಯಾಕೆ ಹೇಳಲಿಲ್ಲ ನಂಗೆ?"

ಹುಡುಗಿ ತನ್ನ ಪಾದವನ್ನು ಬೇರೆ ಯಾರದೋ ಎನ್ನುವ ಹಾಗೆ ನೋಡಿದಳು.

"ಏನೂ ಆಗಲ್ಲ ಅಂದ್ಕೊಂಡೆ" ಎಂದಳು.

ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ತಾಯಿ ಬದುಕಿಕೊಳ್ಳುತ್ತಿದ್ದಳು. ಒರೆಸುವ ಬಟ್ಟೆ ಕೈಯಲ್ಲೇ ಇತ್ತು, ಅದರಿಂದ ನೀರು ಸೀರೆಯ ಮೇಲೆ ಇಳಿಯುತ್ತಿತ್ತು.

"ರೀ, ಬನ್ನಿ ಇಲ್ಲಿ" ಎಂದು ಕೂಗಿದಳು. "ಅತ್ತೆ, ನೀವೂ ಬನ್ನಿ."

ಗಂಡ ಬಂದು ಪಾದ ನೋಡಿದವನೇ ಮಗಳನ್ನು ಎತ್ತಿಕೊಂಡ. "ನಡಿ, ಡಾಕ್ಟರ ಹತ್ರ. ಮೊಳೆ ಅಂದ್ರೆ ಇಂಜೆಕ್ಷನ್ ಬೇಕು." ಹೊಸ್ತಿಲ ಬಳಿ ಹೆಂಡತಿ ಅಡ್ಡ ನಿಂತಳು.

"ಒಂದು ನಿಮಿಷ ಕೇಳಿ ಹೋಗಿ. ಆಮೇಲೆ ನನ್ನ ನಾಲಿಗೆ ಏಳಲ್ಲ. ಆವತ್ತು ಇವಳು ಬೆಳಿಗ್ಗೇನೇ ನಂಗೆ ಹೇಳಿದ್ಲು. ಹತ್ತು ಗಂಟೆಗೆ. ಅವನು ನುಂಗಿದ ತಕ್ಷಣ ಹೇಳಿದ್ಲು. ನಾನೇ ಏನೂ ಆಗಲ್ಲ ಅಂದೆ. ಆಸ್ಪತ್ರೇಲಿ ಸುಳ್ಳು ಹೇಳಿದ್ದು ನಾನು."

ಅತ್ತೆ ಗೋಡೆ ಹಿಡಿದುಕೊಂಡು ಅಲ್ಲೇ ನೆಲಕ್ಕೆ ಕೂತಳು, ಒದ್ದೆ ಎನ್ನುವುದೂ ಗೊತ್ತಾಗಲಿಲ್ಲ. ಗಂಡ ಮಗಳನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡ.

ಹುಡುಗಿ ತಂದೆಯ ಹೆಗಲ ಮೇಲಿಂದ ತಲೆ ಎತ್ತಿದಳು. ತಿಂಗಳಿಂದ ಒಳಗೆ ಇಟ್ಟುಕೊಂಡದ್ದನ್ನು ಹೇಳಲು ಅಪ್ಪಣೆ ಸಿಕ್ಕಿತೋ ಇಲ್ಲವೋ ಎಂದು ತಾಯಿಯ ಮುಖವನ್ನು ಒಂದು ಗಳಿಗೆ ನೋಡಿದಳು.

"ಎರಡು ಸಲ ಹೇಳ್ದೆ ಅಮ್ಮ" ಎಂದಳು.

"ಒಂದೇ ಸಲ ಅಲ್ವಾ ಪುಟ್ಟಿ?"

"ಇಲ್ಲ. ನೀನು ಮತ್ತೆ ಡ್ರಿಲ್ಲು ಹಾಕ್ದಾಗ ಇನ್ನೊಂದು ಸಲ ಹೇಳ್ದೆ. ನಾನು ಚಿಕ್ಕೋಳಿದ್ದಾಗ ನುಂಗಿದ್ದು ಬಳ್ಳೀದು, ಗುಂಡ ನುಂಗಿದ್ದು ತೂತು ಹಾಕಿರೋದು, ಅದಕ್ಕೂ ಏನೂ ಆಗಲ್ವಾ ಅಂತ ಕೇಳ್ದೆ. ನೀನು ಹ್ಞೂಂ ಅಂದೆ."