ಬೋಳು ಇಳಿಜಾರಿನ ಗೆರೆ

ಹೊಸ ಹುಡುಗಿ ಮೇಜನ್ನು ಮೂಲೆಗೆ ಎಳೆದುಕೊಂಡು ಬೆನ್ನು ತಿರುಗಿಸಿ ಕೂತ ದಿನವೇ ಅಕ್ಕನಿಗೆ ಅನುಮಾನ ಹುಟ್ಟಿತು. ಮುಚ್ಚಿಡಲು ಏನೂ ಇಲ್ಲದವರು ಹೀಗೆ ಕೂರುತ್ತಾರೆಯೇ?

ಆಫೀಸಿನಲ್ಲಿ ಎಲ್ಲರಿಗೂ ಅವಳು ಅಕ್ಕ. ಇಪ್ಪತ್ತೆರಡು ವರ್ಷದಿಂದ ಕೆಂಪು ಗ್ರಹದ ಇಳಿಜಾರುಗಳ ಚಿತ್ರ ನೋಡಿ ಕಪ್ಪು ಗೆರೆಗಳನ್ನು ಪಟ್ಟಿ ಮಾಡುತ್ತಿದ್ದಳು. ಧೂಳು ಜಾರಿದಲ್ಲಿ ಗೆರೆ ಮೂಡುತ್ತದೆ; ವರ್ಷಗಳು ಕಳೆದಂತೆ ಮತ್ತೆ ಧೂಳು ಕೂತು ಮಾಸುತ್ತದೆ. ಪ್ರತಿ ಇಳಿಜಾರನ್ನೂ ಇಬ್ಬರು ನೋಡಬೇಕು. ಒಬ್ಬರ ಪಟ್ಟಿ ನೋಡಿ ಇನ್ನೊಬ್ಬರು ಬರೆಯಬಾರದು. ಇಬ್ಬರಿಗೂ ಕಂಡರೆ ಅದು ಗೆರೆ; ಒಬ್ಬರಿಗೇ ಕಂಡರೆ ಚಿತ್ರ ಮತ್ತೆ ತೆರೆದು ನೋಡಿ ತೀರ್ಮಾನ. ಅಕ್ಕ ಬರೆದ ಒಂದೇ ಒಂದು ಗೆರೆಯನ್ನೂ ಈವರೆಗೆ ಯಾರೂ ಹೊಡೆದುಹಾಕಿರಲಿಲ್ಲ. ಅವಳಿಗಿದ್ದ ಆಸ್ತಿ ಅದೊಂದೇ.

ಜೊತೆಗೆ ಕೂತವರು ಅಕ್ಕನಿಗೆ ಕಂಡ ನೂರು ಗೆರೆಗಳಲ್ಲಿ ಎಪ್ಪತ್ತು ಹಿಡಿದರೆ ಹೆಚ್ಚು. ಈ ಹುಡುಗಿ ಮೂರೇ ತಿಂಗಳಲ್ಲಿ ತೊಂಬತ್ತೆಂಟು ಹಿಡಿಯುತ್ತಿದ್ದಳು. ಸಾಲದ್ದಕ್ಕೆ ಮುಖ್ಯಸ್ಥರ ತಂಗಿಯ ಮಗಳು.

"ಸೋದರಮಾವ ಮೇಲಿದ್ರೆ ಕಣ್ಣೂ ಚುರುಕಾಗುತ್ತೆ ನೋಡು," ಎಂದಳು ಅಕ್ಕ, ಕಂಪ್ಯೂಟರ್ ರಿಪೇರಿಯವನಿಗೆ.

"ಪಟ್ಟಿ ಎಲ್ಲಾ ಒಂದೇ ಕಪಾಟಲ್ಲಿ ಇಡ್ತೀರಿ, ಬೀಗಾನೂ ಹಾಕಲ್ಲ," ಎಂದು ಅವನು ನಕ್ಕ. "ಬೆಕ್ಕಿನ ಮುಂದೆ ಹಾಲಿಟ್ಟು ಬೆಕ್ಕನ್ನ ಬೈದ್ರೆ ಹೇಗಕ್ಕ?"

ಸೋಮವಾರ ಅಕ್ಕ ಬೇಕೆಂದೇ ಹಾಲಿಟ್ಟಳು. ಒಂದು ಕುಳಿಯ ಒಳಗೋಡೆ, ಪೂರ್ತಿ ಬೋಳು, ಒಂದು ಗೆರೆಯೂ ಇಲ್ಲ. ಅಲ್ಲಿ ಒಂದು ಬಂಡೆಯ ಕೆಳಗಿಂದ ನಾನೂರು ಮೀಟರ್ ಉದ್ದದ ಗೆರೆ ಇದೆ ಎಂದು ಬರೆದು, ತಾರೀಖು ಹಾಕಿ ಕಪಾಟಿಗಿಟ್ಟಳು. ಗೆರೆ ಬರುವುದಾದರೆ ಇಲ್ಲೇ ಬರಬೇಕು ಅನ್ನಿಸುವಂಥ ಜಾಗ ಹುಡುಕಿದ್ದಳು. ಕಳ್ಳಿ ನಂಬಬೇಕಲ್ಲ.

ಗುರುವಾರ ಹುಡುಗಿಯ ಪಟ್ಟಿ ಬಂತು. ತಾಳೆ ನೋಡುವುದು ಅಕ್ಕನದೇ ಕೆಲಸ. ಅದೇ ಬಂಡೆ, ಅದೇ ಗೆರೆ. ಉದ್ದ ಮುನ್ನೂರ ಎಂಬತ್ತು.

ಇಪ್ಪತ್ತು ಕಡಿಮೆ ಬರೆದಿದ್ದಾಳೆ, ಜಾಣೆ, ಅಂದುಕೊಂಡಳು ಅಕ್ಕ.

ಹುಡುಗಿಯನ್ನೂ ಕರೆದುಕೊಂಡು ನೇರ ಮುಖ್ಯಸ್ಥರ ಕೋಣೆಗೆ ಹೋದಳು. "ನಿಮ್ಮ ಮುದ್ದಿನ ಸೋದರಸೊಸೆ ಇಲ್ಲದ ಗೆರೆ ಕಂಡಿದ್ದಾಳೆ. ತೋರಿಸೋಕೆ ಹೇಳಿ."

"ಇದೆಯಲ್ಲ ಅಕ್ಕ," ಎಂದಳು ಹುಡುಗಿ. ಚಿತ್ರ ತೆರೆದಳು.

ಇತ್ತು. ಬಂಡೆಯ ಕೆಳಗಿಂದ, ಈಗಷ್ಟೇ ಶಾಯಿ ಚೆಲ್ಲಿದ ಹಾಗೆ.

"ಈ ಚಿತ್ರ..."

"ನಿನ್ನೆ ಬಂತು. ಹೊಸದು ಬಂದ್ರೆ ಹೊಸದನ್ನೇ ನೋಡ್ಬೇಕು ಅಂತ ನೀವೇ ಹೇಳಿಕೊಟ್ಟಿದ್ದು."

ಮುಖ್ಯಸ್ಥರು ಅಕ್ಕನ ಪಟ್ಟಿ ಎತ್ತಿಕೊಂಡರು. ತಾರೀಖಿನ ಮೇಲೆ ಅವರ ಬೆರಳು ನಿಂತಿತು. ಹಳೆಯ ಚಿತ್ರ ತೆರೆದರು. ಬೋಳು.

"ಅಕ್ಕಾ, ಸೋಮವಾರ ನಿಮಗಿದು ಹೇಗೆ ಕಾಣಿಸ್ತು?"

ಅಕ್ಕನ ಬದಲು ಹುಡುಗಿಯೇ, "ಕಣ್ಣು ದಣಿದಿತ್ತೇನೋ ಮಾವ," ಎಂದಳು.

ಅಕ್ಕ ಆ ಮುಖದಲ್ಲಿ ಅಣಕ ಹುಡುಕಿದಳು. ಸಿಗಲಿಲ್ಲ. ಹೌದು ಅಂದರೆ ಕಣ್ಣು ಹೋಯಿತು, ಕಣ್ಣಿನ ಜೊತೆ ಕುರ್ಚಿಯೂ. ಅಲ್ಲ ಅಂದರೆ ಇಪ್ಪತ್ತೆರಡು ವರ್ಷದ ಹೆಸರು.

"ನನ್ನ ಕಣ್ಣು ಚೆನ್ನಾಗೇ ಇದೆ," ಎಂದಳು. "ಬೇಕಂತಲೇ ಬರೆದೆ. ನೀನು ಕದ್ದು ನೋಡಿ ಬರೀತೀಯ ಅಂತ."

ಮುಖ್ಯಸ್ಥರು ಕನ್ನಡಕ ತೆಗೆದಿಟ್ಟರು. "ಬೇಕಂತ ಒಂದು ಬರೆದವರು..." ಎಂದು ಅಲ್ಲಿಗೇ ನಿಲ್ಲಿಸಿದರು. ಉಳಿದದ್ದು ಅಕ್ಕನಿಗೆ ಕೇಳಿಸಿತು. ಅವಳ ಎಲ್ಲ ಪಟ್ಟಿಗಳನ್ನೂ ಮೊದಲಿಂದ ಪರೀಕ್ಷಿಸಬೇಕು.

"ಯಾರು ನೋಡ್ತಾರೆ?" ಎಂದಳು ಅಕ್ಕ.

"ಇನ್ಯಾರಿದ್ದಾರೆ?" ಎಂದು ಅವರು ಹುಡುಗಿಯ ಕಡೆ ನೋಡಿದರು.

ಮರುದಿನ ಬೆಳಿಗ್ಗೆ ಹುಡುಗಿ ಮೊದಲ ವರ್ಷದ ಕಟ್ಟು ಬಿಚ್ಚಿ, ಅಕ್ಕನ ಪಟ್ಟಿಯನ್ನು ಬೋರಲು ಹಾಕಿ, ಬೆನ್ನು ತಿರುಗಿಸಿ ಕೂತಳು.

"ಯಾಕೆ ಹಾಗೆ ಕೂರ್ತೀಯ?" ಅಕ್ಕ ತಡೆಯಲಾರದೆ ಕೇಳಿದಳು.

"ಈ ಕಡೆ ಕೂತ್ರೆ ನಿಮ್ಮ ಪರದೆ ಕಾಣುತ್ತಕ್ಕ. ನೋಡಬಾರದಲ್ಲ."

ಮಧ್ಯಾಹ್ನ, ತಿರುಗದೆಯೇ, "ಇಲ್ಲೀತನಕ ಎಲ್ಲಾ ಸರಿ ಇದೆ ಅಕ್ಕ," ಎಂದಳು.

ನಿಜಕ್ಕೂ ಸರಿ ಇದೆಯೋ, ಕನಿಕರಕ್ಕೆ ಹೇಳುತ್ತಿದ್ದಾಳೋ? ಅಕ್ಕ ಆ ಬೆನ್ನನ್ನೇ ನೋಡುತ್ತ ಕೂತಳು. ಬೆನ್ನಿನಲ್ಲಿ ಏನೂ ಬರೆದಿರಲಿಲ್ಲ.