ಅಂಚಿನ ಗುರುತು

ಮೂರನೇ ಮ್ಯಾಗಜೀನನ್ನು ರೈಫಲಿನ ಹೊಟ್ಟೆಗೆ ಸಿಕ್ಕಿಸಿ ನೋಡಿದರೂ ಅದೇ ಕಥೆ. ಟ್ರಿಗರ್ ಒತ್ತಿದರೆ ಬರೀ ‘ಟಕ್’ ಎಂದಿತು, ಗುಂಡು ಹಾರಲಿಲ್ಲ. ಹುಡುಗಿ ನಳಿಗೆಯನ್ನು ಗುರಿಯತ್ತಲೇ ಹಿಡಿದು ತಡವಾಗಿ ಸಿಡಿದೀತೆಂದು ಸ್ವಲ್ಪ ಹೊತ್ತು ಕಾದು, ಆಮೇಲೆ ಬೋಲ್ಟ್ ಹಿಂದಕ್ಕೆಳೆದಳು. ಸಿಡಿಯದ ಕಾಡತೂಸು ಚಾಪೆಯ ಮೇಲೆ ಉರುಳಿತು.

ನಾಳೆ ರಾಜ್ಯ ಶೂಟಿಂಗ್ ತಂಡದ ಆಯ್ಕೆ ಸ್ಪರ್ಧೆ. ವಯಸ್ಸಿನ ಮಿತಿಯಿಂದಾಗಿ ಅವಳಿಗೆ ಇದೇ ಕೊನೆಯ ಅವಕಾಶ.

“ಮ್ಯಾಗಜೀನ್ ಸ್ಪ್ರಿಂಗೇ ಸತ್ತಿರ್ಬೇಕು,” ಎಂದು ಕೋಚ್ ನಾಲ್ಕನೆಯದನ್ನು ಹುಡುಕಲು ಕಪಾಟಿನತ್ತ ತಿರುಗಿದರು.

“ಮ್ಯಾಗಜೀನ್ ಏನೂ ಪಾಪ ಮಾಡಿಲ್ಲ ಸಾರ್,” ಎಂದಳು ನೆಲ ಗುಡಿಸುತ್ತಿದ್ದ ಅಕ್ಕ. ಸಿಡಿದ ಕಾಡತೂಸುಗಳ ಖಾಲಿ ಚಿಪ್ಪು ಬಾಚಿ ಡಬ್ಬಕ್ಕೆ ತುಂಬುವುದು ಹನ್ನೊಂದು ವರ್ಷದಿಂದ ಅವಳ ಕೆಲಸ.

ಕೋಚ್ ನಕ್ಕರು. “ನಿಂಗೆ ಹೇಗಮ್ಮ ಗೊತ್ತು?”

ಅವಳು ಮೊರದಿಂದ ಮೂರ್ನಾಲ್ಕು ಹಿತ್ತಾಳೆ ಚಿಪ್ಪು ಆರಿಸಿ ಅಂಗೈ ಮೇಲೆ ಸಾಲಾಗಿಟ್ಟಳು. ಪ್ರತಿಯೊಂದರ ತಳದ ಅಂಚಿನಲ್ಲೂ ಟ್ರಿಗರ್ ಒತ್ತಿದಾಗ ಬಂದೂಕಿನೊಳಗಿನ ಸೂಜಿ ಬಡಿದ ಸಣ್ಣ ತಗ್ಗು. “ಇದು ಡಾಕ್ಟರ್ ಸಾಹೇಬ್ರ ಬಂದೂಕಿಂದು, ಗುರುತು ಉದ್ದಕ್ಕೆ ಬೀಳುತ್ತೆ. ಈ ಜೋಡಿ ಗೆರೆ ಪೊಲೀಸಮ್ಮಂದು. ಇದು ನಮ್ಮ ಈ ಮರೀದು. ಮೊದ್ಲು ಉಗುರು ಊರಿದ ಹಾಗೆ ಇರ್ತಿತ್ತು. ಒಂದು ತಿಂಗಳಿಂದ ತೆಳ್ಳಗಾಗ್ತಾ ಬಂದು, ಈಗ ಸೊಳ್ಳೆ ಕಚ್ಚಿದಷ್ಟೂ ಇಲ್ಲ.”

“ಮತ್ತೆ ಯಾಕಕ್ಕಾ ಹೇಳ್ಲಿಲ್ಲ?” ಹುಡುಗಿ ಚಾಪೆಯಿಂದೆದ್ದು ಬಂದಳು.

“ಯಾರಾದ್ರೂ ಕೇಳಿದ್ರೆ ತಾನೇ? ಗುಡಿಸೋಳಿಗ್ಯಾಕೆ ಅಧಿಕಪ್ರಸಂಗ ಅಂತ ನಾನೂ ಬಾಯಿ ಹೊಲ್ಕೊಂಡಿದ್ದೆ.”

ಕೋಚ್ ಕನ್ನಡಕ ಹಣೆಗೇರಿಸಿ ಚಿಪ್ಪನ್ನು ಬೆಳಕಿಗೆ ಹಿಡಿದರು. ನಗು ಇಳಿಯಿತು. ರಿಪೇರಿಯವನನ್ನು ಕರೆಸಿ ಬೋಲ್ಟ್ ಬಿಚ್ಚಿಸಿದರೆ, ಒಳಗಿನ ಸೂಜಿಯ ತುದಿ ಚಕ್ಕೆಯೆದ್ದು ಹೋಗಿತ್ತು. ಹೊಸದನ್ನು ಕೂರಿಸಲು ಅರ್ಧ ಗಂಟೆ ಸಾಕಾಯಿತು. ಹುಡುಗಿ ಐದೈದರಂತೆ ಆರು ಸಲ ಮ್ಯಾಗಜೀನ್ ತುಂಬಿ ಖಾಲಿ ಮಾಡಿದಳು, ಒಂದೂ ಕೈಕೊಡಲಿಲ್ಲ. ಅಕ್ಕ ಮೊದಲ ಚಿಪ್ಪನ್ನು ಬಿಸಿಯಿರುವಾಗಲೇ ಎತ್ತಿ, ಅಂಚು ಸವರಿ, “ಈಗ ಹಲ್ಲು ಬಂತು,” ಎಂದಳು.

“ನಾಳೆ ನೀವೂ ನಮ್ಮ ಜೊತೆ ಬರ್ಬೇಕು,” ಎಂದರು ಕೋಚ್.

ಅಕ್ಕ ಚಿಪ್ಪನ್ನು ಡಬ್ಬಕ್ಕೆ ಹಾಕಿದಳು. ಕಣ್ಣು ರೈಫಲಿನ ಮೇಲೇ ಇತ್ತು. “ಒಳಗಡೆ ಹೇಗಿರುತ್ತೆ ಅಂತ ಒಂದ್ಸಲ ನೋಡ್ಬಹುದಾ ಸಾರ್?”

ಹುಡುಗಿ ಮ್ಯಾಗಜೀನ್ ಕಳಚಿ, ಬೋಲ್ಟನ್ನು ಪೂರ್ತಿ ಹೊರಗೆಳೆದು, ನಳಿಗೆಯನ್ನು ಕಿಟಕಿಯತ್ತ ಹಿಡಿದಳು. ಅಕ್ಕ ಕೈ ಒರೆಸಿಕೊಂಡು ಹಿಂದಿನಿಂದ ಒಂದೇ ಕಣ್ಣಲ್ಲಿ ಬಗ್ಗಿ ನೋಡಿದಳು. ಒಳಗೆ ಬೆಳಕು ಸುರುಳಿ ಸುತ್ತುತ್ತಾ ಹೋಗಿ, ಆ ತುದಿಯಲ್ಲಿ ಮೆಣಸಿನ ಕಾಳಿನಷ್ಟು ಆಕಾಶವಾಗಿ ನಿಂತಿತ್ತು.

ಬಾಗಿಲು ಹಾಕುವ ಹೊತ್ತಾಗಿತ್ತು. ಕೋಚ್ ಗಡಿಯಾರ ನೋಡಿ, ಬೀಗದ ಕೈಯನ್ನು ಜೇಬಿಗಿಳಿಸಿದರು. ಅಕ್ಕ ಆ ಕಣ್ಣು ಮುಚ್ಚಿ, ಇನ್ನೊಂದು ಕಣ್ಣು ತೆರೆದು ಮತ್ತೆ ಬಗ್ಗಿದಳು.