ಐವತ್ತು ನಿಮಿಷದ ಹಾದಿ

ಆ ದಿನ ಬೆಳಗಾದದ್ದೇ ಗೊತ್ತಾಗಲಿಲ್ಲ, ಅಂಥ ಮಂಜು. ವಿಮಾನ ನಿಲ್ದಾಣ ಅಂತ ಹೆಸರು. ಇದ್ದದ್ದು ತಗಡಿನ ಮಾಡಿನ ಒಂದೇ ಕೋಣೆ, ಎರಡು ಬೆಂಚು, ಒಂದು ತೂಕದ ಯಂತ್ರ. ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿತ್ತು: ಆಚೆಯ ನಿಲ್ದಾಣಕ್ಕೆ ಇನ್ನೂರ ನಲವತ್ತು ಕಿಲೋಮೀಟರು, ಐವತ್ತು ನಿಮಿಷ. ನೆಲದ ಮೇಲೆ ಹೋದರೆ ಬೆಟ್ಟ ಬಳಸಿ ಮೂರು ದಿನ.

ಸೂಲಗಿತ್ತಿ ಆ ಬರಹವನ್ನು ಎಷ್ಟನೇ ಸಲ ಓದಿದಳೋ. ಆಚೆ ಊರಿನಲ್ಲಿ ಮಗಳಿಗೆ ನೋವು ಶುರುವಾಗಿದೆ, ಚೊಚ್ಚಲು, ಮಗು ಕಾಲು ಮುಂದು ಮಾಡಿ ಕೂತಿದೆ ಅಂತ ಅಳಿಯ ನಸುಕಿನಲ್ಲೇ ಫೋನು ಮಾಡಿದ್ದ. ಊರವರ ಮಕ್ಕಳನ್ನೆಲ್ಲ ಭೂಮಿಗೆ ಇಳಿಸಿಕೊಂಡ ಕೈಗಳು ಈಗ ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಬಾಗಿಲು ತೆರೆದೇ ಇತ್ತು, ಆದರೂ ಅವಳಿಗೆ ಹೊರಗಿನಿಂದ ಚಿಲಕ ಹಾಕಿದಂತಿತ್ತು.

ಎದುರು ಬೆಂಚಿನಲ್ಲಿ ಬಡಗಿ. ನಾಲ್ಕು ವರ್ಷದ ಹಿಂದೆ ಅವನಪ್ಪ ಆಚೆ ಊರಿನಲ್ಲಿ ಕೊನೆಯುಸಿರು ಎಳೆಯುತ್ತಿದ್ದಾಗ, ತುಂಬಿದ ವಿಮಾನದಿಂದ ಇಳಿದು ತನ್ನ ಸೀಟು ಅವನಿಗೆ ಬಿಟ್ಟುಕೊಟ್ಟವಳು ಈ ಸೂಲಗಿತ್ತಿಯೇ. ಅಂದಿನಿಂದ ಅವನು ಇವಳ ಕಣ್ಣು ತಪ್ಪಿಸಿಯೇ ಓಡಾಡುತ್ತಿದ್ದ. ದೊಡ್ಡ ಉಪಕಾರ ಹೊತ್ತವರಿಗೆ ತಲೆ ಎತ್ತುವುದು ಕಷ್ಟ.

"ತಕ್ಕಡಿಯಣ್ಣಾ, ಮಂಜು ಯಾವಾಗ ಸರಿಯುತ್ತೆ?" ಅಂತ ಸೂಲಗಿತ್ತಿ ಕೇಳಿದಳು. ಪ್ರಯಾಣಿಕರನ್ನು ಚೀಲದ ಸಮೇತ ತೂಗಿ, ವಿಮಾನ ಹತ್ತಲು ಹಿತ್ತಾಳೆಯ ಬಿಲ್ಲೆ ಕೊಡುವವನಿಗೆ ಊರೆಲ್ಲ ಕರೆಯುವ ಹೆಸರು ಅದು.

"ನನ್ನ ಕೇಳ್ತೀಯಲ್ಲಮ್ಮಾ! ನಾನು ತೂಗೋನು, ಊದೋನಲ್ಲ."

ಅವಳು ಕಣ್ಣು ಮುಚ್ಚಿದಳು. ಸ್ವಾಮೀ, ಒಂದಿಷ್ಟು ಗಾಳಿ ಕೊಡು.

ಹತ್ತೂವರೆಗೆ ತಗಡು ಪಟಪಟ ಅಂದಿತು. ಮಂಜು ಎದ್ದು ಹೋಯಿತು. ಎಲ್ಲರೂ ಚೀಲ ಹೆಗಲಿಗೇರಿಸಿದರು. ಅಷ್ಟರಲ್ಲಿ ಪೈಲಟ್ ತಲೆ ಕೆರೆದುಕೊಳ್ಳುತ್ತ ಒಳಗೆ ಬಂದ.

"ಎದುರುಗಾಳಿ. ಐವತ್ತು ನಿಮಿಷದ್ದು ಎಪ್ಪತ್ತಾಗುತ್ತೆ. ಇಂಧನ ಜಾಸ್ತಿ ಬೇಕು. ಅದರ ತೂಕಕ್ಕೆ ಅರವತ್ತು ಕಿಲೋ ಇಳಿಸಿ."

"ದೂರ ಅಷ್ಟೇ ಇದೆಯಲ್ಲಪ್ಪಾ!" ಸೂಲಗಿತ್ತಿ ಗೋಡೆಯ ಬರಹದ ಕಡೆ ಕೈ ತೋರಿಸಿದಳು.

"ದೂರ ಅಷ್ಟೇ ಅಮ್ಮಾ. ಗಾಳಿ ಹಿಂದಕ್ಕೆ ತಳ್ಳುತ್ತಲ್ಲ."

ಕೊನೆಗೆ ತೂಗಿಸಿಕೊಂಡವರು ಮೊದಲು ಇಳಿಯಬೇಕು, ಅಲ್ಲಿಯ ಕಟ್ಟಳೆ. ಕೊನೆಯವಳು ಅವಳೇ; ಚೀಲ ಸೇರಿ ಅರವತ್ತೆರಡು. ಮುಂದಿನ ವಿಮಾನ ಗುರುವಾರಕ್ಕೆ. ಬೇಡಿದ್ದನ್ನೇ ದೇವರು ಕೊಟ್ಟಿದ್ದ. ಯಾವ ಕಡೆಯಿಂದ ಬೀಸಬೇಕು ಅಂತ ಹೇಳಲು ಅವಳು ಮರೆತಿದ್ದಳು. ಯಾರನ್ನೂ ಬೈಯುವಂತಿಲ್ಲ. ಬಿಲ್ಲೆಯನ್ನು ಮೇಜಿನ ಮೇಲಿಟ್ಟು ಮತ್ತೆ ಬೆಂಚಿಗೇ ಬಂದು ಕೂತಳು. ನಾಲ್ಕು ಗೋಡೆ ಇನ್ನಷ್ಟು ಹತ್ತಿರ ಸರಿದವು.

ಬಡಗಿ ಎದ್ದು ನಿಂತ. "ನಾನು ಇಳಿದ್ರೆ ಆಗುತ್ತಾ?"

"ನೀನಾ? ಚೀಲ ಸೇರಿ ತೊಂಬತ್ತು. ವಿಮಾನಕ್ಕೇ ಉಸಿರು ಬರುತ್ತೆ ಕಣೋ!" ಅಂದ ತಕ್ಕಡಿಯಣ್ಣ. ಆಮೇಲೆ ದನಿ ತಗ್ಗಿಸಿದ. "ಆಚೆ ಊರಿನ ಶಾಲೆ ಕಿಟಕಿ ಕೆಲಸ? ಇವತ್ತು ಹೋಗ್ದಿದ್ರೆ ಬೇರೆಯವನ ಪಾಲಾಗುತ್ತೆ."

"ಆಗ್ಲಿ ಬಿಡಣ್ಣ."

ಹೊರಗೆ ರೆಕ್ಕೆಯ ಪಂಖ ತಿರುಗತೊಡಗಿತು. ಬಡಗಿ ಬೆಂಚಿನ ಮುಂದೆ ಬಂದು ನಿಂತ. ನಾಲ್ಕು ವರ್ಷದಲ್ಲಿ ಮೊದಲ ಸಲ ಅವಳ ಮುಖವನ್ನು ನೆಟ್ಟಗೆ ನೋಡಿದ. ಮಡಿಲಲ್ಲಿ ಬಿದ್ದಿದ್ದ ಅವಳ ಕೈಯನ್ನು ಬಿಡಿಸಿ, ತನ್ನ ಮುಷ್ಟಿಯಲ್ಲಿ ಬೆಚ್ಚಗಾಗಿದ್ದ ಬಿಲ್ಲೆಯನ್ನು ಅದರಲ್ಲಿಟ್ಟು, ಬೆರಳುಗಳನ್ನು ಮೆಲ್ಲಗೆ ಮಡಚಿದ.